ಮೂರನೇ ಮಂಚ

ಎಲ್ಲರೂ ನ್ಯಾ, ಅಂದರೆ ಅಮ್ಮ, ಎಂದು ಕರೆಯುವ ಎಸ್ತಾಸಿಯಾ ರಾಜೀನಾಮೆಗೆ ಒಪ್ಪಿದಳೆಂದು ಕೇಳಿದಾಗ ಗಣಕ ವಿಭಾಗದ ಲಿಬ್ರಾದಾ ಬಾಯಿಗಿಟ್ಟ ತಣ್ಣನೆಯ ತೆರೆರೆ ಕಷಾಯವನ್ನು ಕೆಳಗಿಟ್ಟಳು. ಪರಗ್ವೆ ನದಿಯ ದಂಡೆಯ ಆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ದುಡಿದ ನರ್ಸ್ ಎಸ್ತಾಸಿಯಾ. ಹತ್ತು ದಿನದ ಹಿಂದೆ ಮೂರನೇ ಮಂಚದ ಪೆನ್ಯಾನ ಇಂಜೆಕ್ಷನ್ನನ್ನು ಮೂವತ್ತನಾಲ್ಕನೆಯವನಿಗೆ ಚುಚ್ಚಿದ್ದಳು. ಹೆಸರು ಕರೆದಾಗ ಆ ಕಿವುಡ ಮುದುಕ ಹೂಂ ಎಂದು ತಲೆಯಾಡಿಸಿದ್ದ. ದದ್ದೆದ್ದು ಇಳಿಯಿತು, ಪುಣ್ಯ. "ಕಂಪ್ಯೂಟರ್ ಪರದೇಲಿ ಮೂವತ್ನಾಲ್ಕು ಅಂತಾನೇ ಇತ್ತು" ಎಂದು ಅವಳು ಎಷ್ಟು ಹೇಳಿದರೂ ಹಿರಿಯ ವೈದ್ಯ ಓವೆಲಾರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಕಣ್ಣು ಮಂದವಾಗಿದೆ ಎಂದುಬಿಟ್ಟ.

ವಾರ್ಡಿನ ಆ ಪರದೆಗಳ ಪ್ರೋಗ್ರಾಂ ಬರೆದವಳು ಲಿಬ್ರಾದಾ. ಅನುಮಾನ ಬಂದು ರೋಗಿಗಳ ಪಟ್ಟಿ ತೆರೆದಳು. ಅವತ್ತು ಆದ ಹಾಗೆಯೇ ನಾಲ್ಕನೇ ಮಂಚದ ಸಾಲು ಅಳಿಸಿ, ಅದೇ ಜಾಗದಲ್ಲಿ ಪೆನ್ಯಾನ ಹೆಸರನ್ನು ñ ಎಂಬ ಮೂಗಿನಕ್ಷರದ ಮೇಲಿನ ಗೆರೆ ಸಮೇತ ತುಂಬಿ, ಮಂಚ ಮೂರು ಎಂದಳು. ಪರದೆ ಮೂವತ್ತನಾಲ್ಕು ತೋರಿಸಿತು.

"ಅಯ್ಯೋ, ನನ್ನ ತಲೆಗಿಷ್ಟು!"

ಪರದೆಯಲ್ಲಿ ಅಕ್ಷರ ಜೋಡಿಸುವ ಲೈಬ್ರರಿ ಎಂಬ ತಂತ್ರಾಂಶದ ತುಣುಕನ್ನು ಬಿಲ್ಡ್ ಮಾಡುವಾಗ, ಗೆರೆಯಿರುವ ಅಕ್ಷರವನ್ನೂ ಒಂದೆಂದೇ ಎಣಿಸುವ ‘ಅಗಲ ಅಕ್ಷರ’ದ ಆಯ್ಕೆಯನ್ನು ಅವಳು ಹಾಕಿಯೇ ಇರಲಿಲ್ಲ. ಗೆರೆಯಿದ್ದ ಒಂದಕ್ಷರವನ್ನು ಲೈಬ್ರರಿ ಎರಡೆಂದು ಎಣಿಸಿತ್ತು. ಅದರ ಮುಂದಿನದೆಲ್ಲ ಒಂದು ಮನೆ ಎಡಕ್ಕೆ ಸರಿದು, ಕೊನೆಯಲ್ಲಿ ಹಳೆಯ ನಾಲ್ಕು ಅಳಿಯದೆ ಮೂರರ ಪಕ್ಕದಲ್ಲೇ ಉಳಿದಿತ್ತು. ಪರೀಕ್ಷೆ ಮಾಡಿದ್ದಳಲ್ಲ? ಮಾಡಿದ್ದಳು, ನೂರು ಹೆಸರು ಹಾಕಿ. ಆದರೆ ಅಲ್ಲಿನ ಗಣಕದವರೆಲ್ಲರ ಹಾಗೆ, ಗೆರೆ ಕಂಡರೆ ಯಂತ್ರ ಮುನಿದೀತೆಂಬ ಹಳೆಯ ಭಯಕ್ಕೆ ಒಂದು ಹೆಸರಿಗೂ ಗೆರೆ ಹಾಕದೆ ಟೈಪ್ ಮಾಡಿದ್ದಳು. ಕೈಗೆ ಅಂಟಿದ ಚಾಳಿ.

ಆಯ್ಕೆ ಹಾಕಿ ಮತ್ತೆ ಬಿಲ್ಡ್ ಮಾಡಲು ಹತ್ತು ನಿಮಿಷ ಸಾಕಾಯಿತು. ಸರಿಯಾಯಿತು. ಬಾಯಿ ಮುಚ್ಚಿಕೊಂಡು ಕೂತರೆ ಯಾರಿಗೂ ತಿಳಿಯುವುದಿಲ್ಲ. ಆ ಯೋಚನೆ ಬಂತು, ಬರಲಿಲ್ಲ ಎನ್ನುವುದು ಸುಳ್ಳು. ನಾಚಿಕೆಯಾಗಿ ಎದ್ದಳು.

ಓವೆಲಾರನ ಕೋಣೆಯಲ್ಲಿ ಎಸ್ತಾಸಿಯಾ ರಾಜೀನಾಮೆ ಪತ್ರದ ಮುಂದೆ ಪೆನ್ನು ಹಿಡಿದು ಕೂತಿದ್ದಳು.

"ಡಾಕ್ಟ್ರೇ, ಅದು ಹರಿದು ಹಾಕಿ. ತಪ್ಪು ನನ್ದು, ಅವರ ಕಣ್ಣಿಂದಲ್ಲ."

ಲಿಬ್ರಾದಾ ಬಿಡಿಸಿ ಹೇಳಿದ್ದನ್ನು ಕೇಳಿ ಓವೆಲಾರ್ ಮುಖ ಗಂಟಿಕ್ಕಿದ. "ಗೊತ್ತಾ, ನಿನ್ನ ಮೇಲೆ ವರದಿ ಹೋಗುತ್ತೆ."

"ಹೋಗ್ಲಿ."

ಎಸ್ತಾಸಿಯಾ ಒಮ್ಮೆಲೇ ಸಿಡಿದಳು. "ಛೆ, ಹುಡುಗಿ! ಹತ್ತು ದಿನದಿಂದ ಹಾಳು ಕಣ್ಣು, ಹಾಳು ಕಣ್ಣು ಅಂತ ಶಪಿಸ್ಕೊಂಡು ಕೂತಿದ್ದೀನಲ್ಲೇ! ಮೊಮ್ಮಗಳ ಉಗುರು ಕತ್ತರಿಸೋಕೂ ಹೆದರ್ಕೊಂಡು ಬಿಟ್ಟೆ!"

ಲಿಬ್ರಾದಾ ಅವಳನ್ನು ವಾರ್ಡಿಗೆ ಕರೆದೊಯ್ದಳು. ಬಾಗಿಲಲ್ಲೇ ನಿಂತ ಮುದುಕಿ ದೂರದ ಪರದೆಯತ್ತ ಕಣ್ಣು ಕಿರಿದು ಮಾಡಿದಳು.

"ಪೆನ್ಯಾ. ಮೂರು." ಲಿಬ್ರಾದಾಳತ್ತ ತಿರುಗಿದಳು. "ಮೂರೇ ತಾನೇ? ನಿಜ ಹೇಳು."

"ಮೂರೇ ಅಮ್ಮಾ."

ಎಸ್ತಾಸಿಯಾ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು.