ಭೀಮರಾಯನ ಹೂಂ

ಸಾಂತಾಕ್ರೂಜ್‌ನ ವಿಮಾನ ನಿಲ್ದಾಣದ ಪಕ್ಕದ ತನ್ನ ಗ್ಯಾರೇಜಿನ ಮೇಲೆ ವಿಮಾನವೊಂದು ತಗಡು ನಡುಗಿಸಿಕೊಂಡು ಹಾದುಹೋದಾಗಲೆಲ್ಲ ಭೀಮರಾಯನಿಗೆ ಒಂದಿಷ್ಟು ನೆಮ್ಮದಿ. ಅಷ್ಟು ಹೊತ್ತು ಊರಿಗೆ ಊರೇ ಕಿವುಡು. ಗಿರಾಕಿ ಮಾತು ನಿಲ್ಲಿಸುತ್ತಿದ್ದ, ಫಿಟ್ಟರ್ ನಿಂಗಣ್ಣ ಕೈಸನ್ನೆಗೆ ಇಳಿಯುತ್ತಿದ್ದ, ಎಲ್ಲರೂ 'ಹಾಂ? ಹಾಂ?' ಎನ್ನುತ್ತಿದ್ದರು. ವಿಮಾನ ಹೋದ ಮೇಲೆ ಉಳಿದವರ ಕಿವಿ ಅವರವರಿಗೆ ವಾಪಸು ಬರುತ್ತಿತ್ತು. ಭೀಮರಾಯನದು ಬರುತ್ತಿರಲಿಲ್ಲ.

ಕಿವಿ ಹೋದ ಮೆಕ್ಯಾನಿಕ್ಕನ ಕೈಗೆ ಎಂಜಿನ್ ಕೊಡುವವರು ಯಾರು? ಅದೂ ಕಿವಿಯಿಂದಲೇ ಹೆಸರು ಮಾಡಿದವನಿಗೆ! ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಬುಡಕ್ಕೆ ಆನಿಸಿ, ಕಣ್ಣು ಮುಚ್ಚಿ, ಕೆಟ್ಟದ್ದು ಮೂರನೇ ವಾಲ್ವು ಎಂದನೆಂದರೆ ಅದು ಮೂರನೇ ವಾಲ್ವೇ ಆಗಿರುತ್ತಿತ್ತು. ಈಗಲೂ ಸ್ಕ್ರೂಡ್ರೈವರ್ ಆನಿಸಿ ಕಣ್ಣು ಮುಚ್ಚುತ್ತಿದ್ದ. ಎಲುಬಿಗೆ ನಡುಕ ತಾಗುತ್ತಿತ್ತು, ಅಷ್ಟೇ. ಸಣ್ಣ ದನಿಗಳೆಲ್ಲ ಒಂದೊಂದಾಗಿ ಹೊರಟುಹೋಗಿದ್ದವು. ಮೊದಲು ಸೈಕಲ್ ಬೆಲ್ಲು ಹೋಯಿತು, ಆಮೇಲೆ ಕುಕ್ಕರಿನ ಸೀಟಿ. ವಿಷಯ ಗೊತ್ತಿದ್ದದ್ದು ಹೆಂಡತಿ ಸುಂದ್ರವ್ವನಿಗೆ ಮಾತ್ರ. ಅವಳು ಊಟಕ್ಕೆ ಬಾ ಎನ್ನುವುದನ್ನೂ ಕೂಗಿಯೇ ಹೇಳಬೇಕಾಗಿದ್ದರಿಂದ, ಗಂಡ ಹೆಂಡತಿ ದಿನಾ ಕಚ್ಚಾಡುತ್ತಾರೆಂದು ಚಾಳಿನ ಅಕ್ಕಪಕ್ಕದ ಮನೆಯವರು ಮರುಗುತ್ತಿದ್ದರು.

ಉಳಿದ ಲೋಕಕ್ಕೆಲ್ಲ ಭೀಮರಾಯನ ಹತ್ತಿರ ಇದ್ದದ್ದು ಒಂದೇ ಮಾತು: ಹೂಂ. ಎದುರಿನವರ ತುಟಿ ನಿಂತಿತು, ಹುಬ್ಬು ಮೇಲೆದ್ದಿತು ಎಂದರೆ ಹೂಂ ಎಂದುಬಿಡುವುದು. ನೂರಕ್ಕೆ ತೊಂಬತ್ತು ಸಲ ಅದು ಹೊಂದಿಕೊಳ್ಳುತ್ತಿತ್ತು. ಜನರಿಗೂ ಬೇಕಾದದ್ದು ಅಷ್ಟೇ ಅಲ್ಲವೇ! 'ಮತ್ತೊಮ್ಮೆ ಹೇಳ್ರಿ' ಎನ್ನುವ ಮಾತನ್ನು ಅವನು ಗ್ಯಾರೇಜಿನೊಳಗೆ ಆಡಿ ವರ್ಷಗಳೇ ಆಗಿದ್ದವು. ಕಿವುಡುತನಕ್ಕಿಂತ ಅದನ್ನು ಮುಚ್ಚಿಡುವ ಕೆಲಸವೇ ಅವನನ್ನು ಹೆಚ್ಚು ದಣಿಸಿತ್ತು. ದಿನವಿಡೀ ಜನರ ಬಾಯಿ ನೋಡಿ ನೋಡಿ ಸಂಜೆಗೆ ಕಣ್ಣುಗುಡ್ಡೆಗಳು ನೋಯುತ್ತಿದ್ದವು.

ಬಾಂಗ್ಲಾ ಯುದ್ಧ ಮುಗಿದ ಮಾರನೇ ವರ್ಷ ಅದು. ಬ್ಲ್ಯಾಕ್‌ಔಟಿನಲ್ಲಿ ಬೆಳಕು ಹೊರಗೆ ಕಾಣದಿರಲೆಂದು ಗ್ಯಾರೇಜಿನ ಗಾಜಿಗೆ ಬಳಿದಿದ್ದ ಕಪ್ಪು ಬಣ್ಣವನ್ನು ಕೆರೆಯಲೂ ಭೀಮರಾಯನಿಗೆ ಮನಸ್ಸಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ಗ್ರಾಂಟ್ ರೋಡಿನ ಹೋಟೆಲಿನ ಸದಾನಂದ ಶೆಟ್ಟರು ತಮ್ಮ ಫಿಯೆಟ್ಟಿನ ಡಿಕ್ಕಿಯಲ್ಲಿ ಗೋಣಿಚೀಲ ಸುತ್ತಿದ ಭಾರದ ವಸ್ತುವೊಂದನ್ನು ತಂದಿಳಿಸಿದರು. ಚೋರ್ ಬಜಾರಿನಲ್ಲಿ ಸಿಕ್ಕ ವಿಲಾಯಿತಿ ಸೂಪರ್‌ಚಾರ್ಜರು. ಗ್ಯಾರೇಜಿನವರ ಬಾಯಲ್ಲಿ ಬ್ಲೋವರ್. ಒಲೆಗೆ ಊದುಗೊಳವೆ ಇದ್ದ ಹಾಗೆ ಎಂಜಿನ್ನಿಗೆ ಇದು. ಬೆಲ್ಟಿನ ಮೇಲೆ ತಿರುಗುತ್ತ ಗಾಳಿಯನ್ನೂ ಪೆಟ್ರೋಲನ್ನೂ ಒತ್ತಿ ಒಳಗೆ ತುಂಬುತ್ತದೆ.

"ಬಾಂದ್ರಾದ ಆ ಡಾಕ್ಟ್ರು ಪ್ರತಿ ಕಾರ್ ರೇಸಿನಲ್ಲೂ ನನ್ನನ್ನು ಹಿಂದೆ ಹಾಕ್ತಾರೆ ಮಾರಾಯ್ರೆ," ಎಂದರು ಶೆಟ್ಟರು. ಉತ್ಸಾಹ ಬಂದಾಗ ಅವರದು ದೊಡ್ಡ ದನಿ, ಹಾಗಾಗಿ ಭೀಮರಾಯನಿಗೆ ಮುಕ್ಕಾಲು ಪಾಲು ಸಿಕ್ಕಿತು. "ಈ ಸಲ ಬಿಡ್ಲಿಕ್ಕಿಲ್ಲ. ಇದನ್ನು ಕೂರಿಸಿ ಕೊಡಿ."

ಭೀಮರಾಯ ಬಾನೆಟ್ಟಿಗೆ ಒರಗಿ ನಿಂತ. ಈ ಗಾಡಿಯ ಹೆಡ್ಡನ್ನು, ಎಂದರೆ ಎಂಜಿನ್ನಿನ ಮೇಲಿನ ಮುಚ್ಚಳವನ್ನು, ಹಿಂದೊಮ್ಮೆ ಅವನೇ ಲೇತ್ ಮಶೀನಿನವನಿಂದ ಹೆರೆಸಿ ತೆಳ್ಳಗೆ ಮಾಡಿದ್ದ. ಹೆಡ್ಡು ತೆಳ್ಳಗಾದರೆ ಒಳಗಿನ ಜಾಗ ಕಿರಿದಾಗುತ್ತದೆ, ಒತ್ತಡ, ಎಂದರೆ ಕಂಪ್ರೆಷನ್, ಏರುತ್ತದೆ, ಗಾಡಿ ಚಂಗನೆ ನೆಗೆಯುತ್ತದೆ.

"ಶೆಟ್ರ, ಇದಕ್ಕ ಮೊದಲೇ ಹೊಟ್ಟಿ ತುಂಬಿ ಬಿರಿಲಾಕತ್ತದ. ಮ್ಯಾಲ ಮತ್ತ ತುರುಕಿದ್ರ ಒಡದು ಹೋಗ್ತದ. ಬ್ಲೋವರ್ ಬೇಕಂದ್ರ ಮೊದಲ ಕಂಪ್ರೆಷನ್ ಕಮ್ಮಿ ಮಾಡ್ಬೇಕು."

ಶೆಟ್ಟರು ನಕ್ಕು ತಮ್ಮ ಕಿವಿ ಮುಟ್ಟಿಕೊಂಡು ಏನೋ ಹೇಳಿದರು. ನಿಮ್ಮ ಕಿವಿಯ ಮೇಲೆ ನನಗೆ ನಂಬಿಕೆ ಉಂಟು ಎಂದಿರಬೇಕು. ಆಗುವುದಿಲ್ಲ ಎಂದು ವಾದಿಸಬೇಕೆಂದರೆ ಅವರ ಮಾತನ್ನೂ ಕೇಳಿಸಿಕೊಳ್ಳಬೇಕು. ಭೀಮರಾಯನಿಗೆ ಅಷ್ಟು ತ್ರಾಣವಿರಲಿಲ್ಲ. ಹೂಂ ಎಂದ.

ಮರುದಿನ ಹೆಡ್ಡು ಬಿಚ್ಚಿ ನಿಂಗಣ್ಣನ ಕೈಗಿಟ್ಟ. ನಿಂಗಣ್ಣ ಅವನ ವಾರಗೆಯವನು. ಕಲಬುರಗಿ ಕಡೆಯ ಒಂದೇ ಊರಿನಿಂದ ಇಬ್ಬರೂ ಒಂದೇ ರೈಲಿನಲ್ಲಿ ಬಂದು ಇಳಿದವರು. ಶೆಟ್ಟರು ಬಂದಾಗ ಅವನು ಗ್ಯಾರೇಜಿನಲ್ಲಿರಲಿಲ್ಲ.

"ಲೇತಿನವನ ಹಂತ್ಯಾಕ ಹೋಗಿ ಕಮ್ಮಿ ಮಾಡ್ಸಕೊಂಡು ಬಾ," ಎಂದ ಭೀಮರಾಯ.

ಅವನ ಮನಸ್ಸಿನಲ್ಲಿ ಇದ್ದದ್ದು ಕಂಪ್ರೆಷನ್. ಹೆಡ್ಡಿನ ಒಳಗಿನ ಗುಳಿಗಳನ್ನು ಕೊರೆಸಿ ಆಳ ಮಾಡಿಸಿದರೆ ಒತ್ತಡ ಇಳಿಯುತ್ತದೆ. ಆದರೆ ಆ ಗ್ಯಾರೇಜಿನಲ್ಲಿ ಅಷ್ಟು ವರ್ಷ ಹೆಡ್ಡು ಕಮ್ಮಿ ಮಾಡಿಸುವುದೆಂದರೆ ಒಂದೇ ಅರ್ಥ: ಇನ್ನಷ್ಟು ಹೆರೆಸಿ ತೆಳ್ಳಗೆ ಮಾಡಿಸುವುದು. ಅದರಿಂದ ಒತ್ತಡ ಏರುತ್ತದೆ. ಮಾತು ಒಂದೇ, ಹೋಗುವ ದಿಕ್ಕು ತದ್ವಿರುದ್ಧ.

ನಿಂಗಣ್ಣನೇನು ದಡ್ಡನಲ್ಲ. ಬಾಗಿಲಲ್ಲಿ ನಿಂತು ಹೆಡ್ಡು ತಿರುಗಿಸಿ ನೋಡಿದ. "ಮೊದಲೇ ತೆಳ್ಳಗದ. ಮತ್ತೂ ಹೆರಸ್ಲ್ಯಾ?"

ಭೀಮರಾಯ ಅವನ ಮೇಲೆದ್ದ ಹುಬ್ಬು ನೋಡಿ ಹೂಂ ಎಂದ.

"ಖರೇನೇ ಹೆರಸ್ಲ್ಯಾ?"

"ಹೂಂ ಅಂದ್ನೆಲ್ಲ! ಹೋಗು!"

ನಿಂಗಣ್ಣ ಹೋದ, ಹೆರೆಸಿಕೊಂಡು ಬಂದ, ತಾನೇ ಕೂರಿಸಿ ಬಿಗಿದ. ಮೊದಲಿನ ಭೀಮರಾಯನಾಗಿದ್ದರೆ ಗುಳಿಯಲ್ಲಿ ಎಣ್ಣೆ ಸುರಿದು ಎಷ್ಟು ಹಿಡಿಯುತ್ತದೆಂದು ಅಳೆಯದೆ ಹೆಡ್ಡು ಮುಚ್ಚಲು ಬಿಡುತ್ತಿರಲಿಲ್ಲ. ಈಗ ಬ್ಲೋವರಿಗೆ ಕಂಬಿ ಬೆಸೆದು ಬೆಲ್ಟು ಹಾಕುವಷ್ಟರಲ್ಲೇ ಅವನ ಸೊಂಟ ಹಿಡಿದುಕೊಂಡಿತ್ತು. ನಿಂಗ್ಯಾ ಇದ್ದಾನಲ್ಲ ಎಂದು ಸುಮ್ಮನಾದ.

ರೇಸಿಗೆ ಮೊದಲು ಒಮ್ಮೆ ಓಡಿಸಿ ನೋಡಲು ಮೂವರೂ ಹೈವೇಗೆ ಹೊರಟರು. ಸ್ಟೀರಿಂಗ್ ಹಿಡಿದವರು ಶೆಟ್ಟರು, ಪಕ್ಕದಲ್ಲಿ ಭೀಮರಾಯ, ಹಿಂದೆ ನಿಂಗಣ್ಣ. ಗಾಡಿ ಹೇಗೆ ನೆಗೆಯಿತೆಂದರೆ ಶೆಟ್ಟರು ಹುಡುಗನ ಹಾಗೆ ಕೇಕೆ ಹಾಕಿದರು. ಬ್ಲೋವರು ಊಳಿಡುತ್ತಿತ್ತು. ಅದರ ಒಳಗಿಂದಲೇ ಇನ್ನೊಂದು ಸದ್ದು ಬರತೊಡಗಿತು, ಖಾಲಿ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದಂತೆ, ಟಿಣ್ ಟಿಣ್ ಟಿಣ್. ಸಿಡಿಯಬಾರದ ಹೊತ್ತಿನಲ್ಲಿ ಪೆಟ್ರೋಲು ಸಿಡಿಯುವ ಸದ್ದು. ಆ ಸದ್ದು ಬಂದರೆ ಆಕ್ಸಿಲರೇಟರಿನಿಂದ ಕಾಲು ಎತ್ತಿಬಿಡಬೇಕು.

"ಇದೆಂಥ ಟಿಣ್ ಟಿಣ್?" ಶೆಟ್ಟರು ಇತ್ತ ತಿರುಗಿದರು. "ಪರ್ವಾಗಿಲ್ವಾ?"

"ಹೂಂ," ಎಂದ ಭೀಮರಾಯ.

ಅಷ್ಟು ದೊಡ್ಡ ಕಿವಿಯವನೇ ಹೂಂ ಎಂದ ಮೇಲೆ ಇನ್ನೇನು? ಶೆಟ್ಟರು ಇನ್ನಷ್ಟು ಒತ್ತಿದರು. ನಿಂಗಣ್ಣನಿಗೂ ಸದ್ದು ಕೇಳಿಸಿತ್ತು. ತಪ್ಪಿದ್ದರೆ ಭೀಮ ಹೇಳುತ್ತಿದ್ದ ಎಂದುಕೊಂಡು ಅವನೂ ಬಾಯಿ ಬಿಡಲಿಲ್ಲ. ಅಂಧೇರಿಯ ಹತ್ತಿರ ಭೀಮರಾಯನ ಅಂಗಾಲಿಗೆ ಏನೋ ಒದ್ದಂತಾಯಿತು. ಹಿಂದೆ ನೀಲಿ ಹೊಗೆ. ಗಾಡಿ ಸತ್ತು ನಿಂತಿತು.

ಟ್ರಕ್ಕಿಗೆ ಹಗ್ಗ ಕಟ್ಟಿಸಿ ಎಳೆತಂದು ಹೆಡ್ಡು ತೆಗೆದರು. ಎರಡನೇ ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಅಂಚು ಕರಗಿ ಜೋತುಬಿದ್ದಿತ್ತು. ಭೀಮರಾಯ ಹೆಡ್ಡು ಮಗುಚಿ ನೋಡಿದ. ಗುಳಿ ಹಾಗೇ ಇತ್ತು, ಹೊಸದಾಗಿ ಹೆರೆದ ಲೋಹ ಫಳಫಳ ಹೊಳೆಯುತ್ತಿತ್ತು. ಬಾಗಿಲಲ್ಲಿ ನಿಂತು ನಿಂಗಣ್ಣ ಹುಬ್ಬೆತ್ತಿದ್ದು ಅವನಿಗೆ ಆಗ ನೆನಪಾಯಿತು.

"ಯಾರು ಹೆರೆಸಿದ್ದು ಇದನ್ನು?" ಶೆಟ್ಟರು ಗುಡುಗಿದರು.

"ನಾನು," ಎಂದ ನಿಂಗಣ್ಣ. ಎರಡು ಸಲ ಕೇಳಿದ್ದೆ ಎನ್ನಲಿಲ್ಲ. ಭೀಮರಾಯನ ಮುಖವನ್ನೇ ನೋಡುತ್ತಿದ್ದ. ಭೀಮರಾಯನೇ ಹೇಳಲಿ ಎಂದು ಕಾದ.

ಕೋಪ ನೆತ್ತಿಗೇರಿದರೆ ಶೆಟ್ಟರ ದನಿ ಸಣ್ಣದಾಗುತ್ತದೆ. ಅವರು ಭೀಮರಾಯನ ಕಡೆ ತಿರುಗಿ ಹಲ್ಲು ಕಚ್ಚಿಕೊಂಡೇ ಏನೋ ಹೇಳಿದರು. ತುಟಿ ಅಲುಗಿದ್ದೇ ಕಾಣಲಿಲ್ಲ. ಕೊನೆಗೆ ಹುಬ್ಬು ಮಾತ್ರ ಮೇಲೆದ್ದಿತು.

"ಹೂಂ," ಎಂದ ಭೀಮರಾಯ.

ನಿಂಗಣ್ಣನ ಮುಖ ಸುಣ್ಣದಂತಾಯಿತು. ಅವನು ಕೈ ಒರೆಸಿಕೊಂಡು, ಮೊಳೆಗೆ ತೂಗುಹಾಕಿದ್ದ ಅಂಗಿ ತೆಗೆದುಕೊಂಡ.

"ಲೇ ನಿಂಗ್ಯಾ, ಎಲ್ಲಿಗಿ ಹೊಂಟಿ?"

ನಿಂಗಣ್ಣ ಬೆನ್ನು ಹಾಕಿಯೇ ಏನೋ ಅಂದ. ಬೆನ್ನಿಗೆ ಬಾಯಿಲ್ಲ, ಹುಬ್ಬಿಲ್ಲ. ಭೀಮರಾಯನಿಗೆ ಊರು ಬಿಟ್ಟಾಗಲೂ ಇಷ್ಟು ಹೆದರಿಕೆ ಆಗಿರಲಿಲ್ಲ. ಶೆಟ್ಟರ ಕಡೆ ತಿರುಗಿದ.

"ಶೆಟ್ರ, ಈಗ ಏನಂದ್ರಿ? ಮತ್ತೊಮ್ಮೆ ಹೇಳ್ರಿ."

ಶೆಟ್ಟರು ಮತ್ತೆ ಸಣ್ಣ ದನಿಯಲ್ಲೇ ಹೇಳಿದರು.

"ಕೇಳ್ಸಲಿಲ್ರಿ. ನನಗ ಕಿವಿ ಕೇಳ್ಸಂಗಿಲ್ಲ. ಭಾಳ ವರ್ಷ ಆತು. ಗಾಡಿ ಒದರಿದ್ದೂ ಕೇಳ್ಸಿಲ್ಲ, ಹೆರಸ್ಲ್ಯಾ ಅಂತ ಇಂವ ಕೇಳಿದ್ದೂ ಕೇಳ್ಸಿಲ್ಲ. ತಪ್ಪು ನಂದು. ಈಗೇನಂದ್ರಿ, ಜರಾ ಜೋರಲೆ ಹೇಳ್ರಿ."

ಶೆಟ್ಟರು ತೂತಾದ ಪಿಸ್ಟನ್ನಿನ ಕಡೆ ತಿರುಗಿಕೊಂಡರು. ಹೇಳಿದ್ದನ್ನು ಕೂಗಿ ಹೇಳುವ ಮುಖ ಅವರಿಗಿರಲಿಲ್ಲ. ಬಾಗಿಲವರೆಗೆ ಹೋಗಿದ್ದ ನಿಂಗಣ್ಣನೇ ವಾಪಸು ಬಂದು, ಸುಂದ್ರವ್ವನ ಹಾಗೆ ಭೀಮರಾಯನ ಕಿವಿಗೆ ಬಾಯಿ ಇಟ್ಟು, ಇಡೀ ಗಲ್ಲಿಗೆ ಕೇಳುವಂತೆ ಕೂಗಿದ:

"ನಿಂಗಣ್ಣನ್ನ ತಗದ ಹಾಕ್ತೀಯೇನಂತ ಕೇಳ್ಯಾರ! ನೀ ಹೂಂ ಅಂದೀದಿ!"

ಅಷ್ಟರಲ್ಲಿ ತಗಡು ನಡುಗಿಸಿಕೊಂಡು ವಿಮಾನ ಬಂತು. ಭೀಮರಾಯ "ಊಹೂಂ" ಎಂದ. ಯಾರಿಗೂ ಕೇಳಿಸಲಿಲ್ಲ. ನಿಂಗಣ್ಣನ ಕೈಯಿಂದ ಅಂಗಿ ಕಿತ್ತುಕೊಂಡು ಎದೆಗೆ ಒತ್ತಿ ಹಿಡಿದು, ವಿಮಾನ ಹೋಗುವವರೆಗೆ ಕಾದು, ಮತ್ತೊಮ್ಮೆ ಹೇಳಿದ.