ಸಂತಿ ದಿನದ ರೊಟ್ಟಿ

ಹತ್ತರಗಿ ಊರಿನ ಬಾಜೂ ಹೊಲದಲ್ಲಿ ಕಾಶೆವ್ವ ಬೆಳೆದ ಮೆಂತ್ಯ, ರಾಜಗಿರಿ ಸೊಪ್ಪನ್ನು ದಲಾಲಿ ಬದುವಿಗೇ ಬಂದು, ತಾನು ಹೇಳಿದ ದರಕ್ಕೆ ಒಯ್ಯುತ್ತಿದ್ದ. ಹುಕ್ಕೇರಿ ಸಂತೆಯಲ್ಲಿ ತಾನೇ ಕೂತು ಮಾರಬೇಕೆಂಬುದು ಅವಳ ಬಹಳ ದಿನದ ಆಸೆ. ಆದರೆ ಮುಂಜಾನೆಯ ಬಸ್ಸು ಹಿಡಿದರೆ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು? ಅತ್ತೆಯ ಕೈ ನಡುಗುತ್ತಿತ್ತು.

"ನಾ ಬಡೀತೇನಿ, ನೀ ಹೋಗು," ಎಂದ ಗಂಡ ಕೆಂಚಪ್ಪ.

ಕಾಶೆವ್ವ ನಕ್ಕಳು. ಅವನು ನಗಲಿಲ್ಲ. ಅವ್ವನ ಮಗ್ಗುಲಲ್ಲಿ ಕೂತು ಹಿಟ್ಟು ನಾದಲು ಕಲಿತ. ಗೆಳೆಯರು "ಕೆಂಚವ್ವಾರ, ಅಡಗಿ ಆತೇನ್ರಿ?" ಎಂದು ಕಾಡಿದರೆ, "ಆಗೇತಿ, ಉಣ್ಣಾಕ ಬರ್ರಿ" ಅನ್ನುತ್ತಿದ್ದ.

ಸಂತೆಯ ದಿನ ಕಾಶೆವ್ವ ಸೊಪ್ಪಿನ ಬುಟ್ಟಿಗಳೊಂದಿಗೆ ಬಸ್ಸು ಹತ್ತಿದಳು. ಮೊದಮೊದಲು ಕೂಗಲು ನಾಚಿಕೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಅವಳೇ ದರ ಹೇಳುತ್ತಿದ್ದಳು, ಮಂದಿ ಒಯ್ಯುತ್ತಿದ್ದರು. ಖಾನಾವಳಿಯವನೊಬ್ಬ ವಾರವಾರವೂ ತನಗೆ ಸೊಪ್ಪು ತೆಗೆದಿಡಬೇಕೆಂದು ಹೇಳಿ ಹೋದ.

ಸಂಜೆ ಮನೆಗೆ ಬಂದಾಗ ಕೆಂಚಪ್ಪ ತಾಟಿನಲ್ಲಿ ದಪ್ಪ ರೊಟ್ಟಿ ಇಟ್ಟು ಎದುರಿಗೆ ಕೂತ. ಅಂಚು ಸೀದಿತ್ತು, ನಡುವೆ ಹಸಿಯಿತ್ತು. ಅವಳು ಚೂರೂ ಬಿಡದೆ ತಿಂದಳು.

"ಹೆಂಗ ಆಗ್ಯಾವು?"

"ಮುಂದಿನ ಸಂತಿಗೆ ಇನ್ನೂ ತೆಳ್ಳಗ ಆಗ್ತಾವು ಬಿಡ್ರಿ," ಎಂದಳು ಕಾಶೆವ್ವ. "ದಲಾಲಿ ಬಂದಿದ್ದನೇನ್ರಿ?"

"ಬಂದಿದ್ದ. ಇನ್ನ ಮ್ಯಾಲೆ ಆಕಿನ್ನ ಸಂತ್ಯಾಗ ಭೆಟ್ಟಿ ಆಗು ಅಂತ ಹೇಳಿ ಕಳಿಸಿದೆ."