ಬೆನಕಪ್ಪನ ಪಾಳಿ

ಹೊಸಪೇಟೆ ಬಸ್ಸು ತಿರುವು ದಾಟಿದ ಮೇಲೆ ನಾಗಲಿಂಗಮ್ಮ ಹೂವಿನ ಕಟ್ಟೆಯ ತುಂಬ ಕಣ್ಣಾಡಿಸಿದಳು. "ನನ್ನ ಬುಟ್ಟಿ ಎಲ್ಲೈತೋ ಅಂಜಿನಿ?"

"ಹೊಸಪೇಟಿ ಚೀಟಿ ಬಂತು, ಬಸ್ಸಿಗೆ ಏರಿಸಿಬಿಟ್ನಲ್ಲಬೇ." ಹಮಾಲಿ ಅಂಜಿನಿ ನಕ್ಕ. "ಈ ಸಲ ದೇವ್ರೂ ಹೊಸಪೇಟಿ ನೋಡ್ಲಿ ಬಿಡು."

ಯಾರೂ ನಗಲಿಲ್ಲ.

ಹಡಗಲಿಯ ಆ ಹೂ ಬೆಳೆಗಾರರ ಸಂಘದಲ್ಲಿ ಪಾಳಿಯಂತೆ ದಿನಕ್ಕೊಬ್ಬರ ಮಲ್ಲಿಗೆ ಬುಟ್ಟಿ ಈಶ್ವರನ ಗುಡಿಗೆ. ಅದನ್ನು ತೂಗುವಂತಿಲ್ಲ. ಕಂಪ್ಯೂಟರ್ ಬಂದ ಮೇಲೂ ಪಾಳಿಯವರ ಹೆಸರಿನ ಮುಂದೆ ಊರಿನ ಜಾಗ ಖಾಲಿ ಬಿಡುತ್ತಿದ್ದರು. ಮಾರುಕಟ್ಟೆಯ ಊರುಗಳ ಸಾಲಿನಲ್ಲಿ ದೇವರನ್ನು ನಿಲ್ಲಿಸಬಾರದೆಂದು. ಖಾಲಿ ಕಂಡರೆ ಯಂತ್ರ ಆ ಬುಟ್ಟಿಗೆ ತೂಕದ ಚೀಟಿ ಕೊಡದೆ ಮುಂದೆ ಹೋಗುತ್ತಿತ್ತು. ಇಂದಿನ ಪಾಳಿ ನಾಗಲಿಂಗಮ್ಮನ ಗಂಡ ಬೆನಕಪ್ಪನದು. ಯುಗಾದಿಗೆ ಮುಂಚೆ ಲಿಂಗೈಕ್ಯನಾದವನು, "ನನ್ನ ಪಾಳಿ ತಪ್ಪಸಬ್ಯಾಡ" ಎಂದು ಅವಳ ಕೈ ಹಿಡಿದು ಹೇಳಿದ್ದ.

ಕಟ್ಟೆಯ ಮೂಲೆಯಲ್ಲಿ ಕೂತಿದ್ದ ಊರ ಹುಡುಗ ಬಸವೇಶ್ ಲ್ಯಾಪ್‌ಟಾಪ್ ಮುಂದಿನಿಂದ ಎದ್ದು ಬಂದ. ಬೇರೆ ತಂತ್ರಾಂಶಗಳೊಳಗೆ ಸೇರಿಕೊಂಡು ಅವುಗಳಿಗೆ ಸೆಟ್ಟಿಂಗ್ ಫೈಲು ಓದಿ ಹೇಳುವ ಸಣ್ಣ ಕೋಡು, ಲೈಬ್ರರಿಯೊಂದು, ಅವನ ಕೈಯದು, ಎಲ್ಲೆಲ್ಲಿಯವರೋ ಬಳಸುತ್ತಾರೆ. ನಿನ್ನೆ ಅದರ ಹೊಸ ಆವೃತ್ತಿ ಬಿಟ್ಟಿದ್ದ. ಈಗದು ಕನ್ನಡದ ಹೆಸರುಗಳನ್ನು ತಡವರಿಸದೆ ಓದುತ್ತದೆ, ತಪ್ಪು ಯಾವ ಸಾಲಿನಲ್ಲಿದೆ ಎಂದು ತೋರಿಸುತ್ತದೆ. ಜಾಗ ಖಾಲಿಯಿದ್ದರೆ, ಮೊದಲೇ ಗೊತ್ತುಮಾಡಿಟ್ಟದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಬಹಳ ಜನ ಕೇಳಿದ್ದ ತಿದ್ದುಪಡಿ ಅದು. ತನ್ನೂರಿನಲ್ಲೇ ಮೊದಲು ಓಡಲಿ ಎಂದು ಸಂಜೆ ಕಟ್ಟೆಯ ಕಂಪ್ಯೂಟರಿಗೂ ಹಾಕಿದ್ದ. ಇಲ್ಲಿ ಗೊತ್ತುಮಾಡಿಟ್ಟ ಊರು ಹೊಸಪೇಟೆ.

"ನಂದ ತಪ್ಪಬೇ. ಖಾಲಿ ಅಂದ್ರ ಮರತು ಬಿಟ್ಟಿದ್ದು ಅಂತ ತಿಳಕೊಂಡೆ. ಬೈಕ್ ಐತಿ, ಬಸ್ಸಿನ ಬೆನ್ನು ಹತ್ಲೇನು?"

"ತೂಕ ಆತಲ್ಲಪಾ," ಎಂದಳು ನಾಗಲಿಂಗಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ತೂಗಿದ್ದು ಹೊಳ್ಳಿ ಬಂದ್ರೂ ಶಿವಗ ಏರಸಾಕ ಬರಾಂಗಿಲ್ಲ."

"ಬ್ಯಾರೇರ ಹೂವು..."

"ಬ್ಯಾರೇರ ತ್ವಾಟದ್ದು ನಮ್ಮನಿಯವ್ರ ಪಾಳಿ ಆಕ್ಕೈತೇನು?"

ಅವಳು ಬರಿಯ ಬುಟ್ಟಿಯೊಂದನ್ನು ಎತ್ತಿಕೊಂಡು ತೋಟದ ದಾರಿ ಹಿಡಿದಳು. ಬಸವೇಶ್ ಆ ತಿದ್ದುಪಡಿಯನ್ನು ಹಿಂದಕ್ಕೆ ತೆಗೆದು, ಅವಳ ಹಿಂದೆಯೇ ನಡೆದ.

ಬೆಳಗಿನ ಹೂವೆಲ್ಲ ಕಿತ್ತಾಗಿತ್ತು. ಗಿಡದಲ್ಲಿ ಉಳಿದದ್ದು ನಾಳೆ ಅರಳಬೇಕಾದ ಎಳೆ ಮೊಗ್ಗು, ಜೋಳದ ಕಾಳಿನಷ್ಟು ಗಟ್ಟಿ. ಅವಳು ಕೀಳತೊಡಗಿದಳು.

"ನಾಳಿಗೆ ಏನೂ ಉಳಿಯಾಂಗಿಲ್ಲಬೇ."

"ಹೂಂ," ಎಂದಳು, ಕೈ ನಿಲ್ಲಿಸದೆ. ಅವನು ಚಪ್ಪಲಿ ಬಿಟ್ಟು ಪಕ್ಕದ ಸಾಲಿಗೆ ಇಳಿದ.

ಮಧ್ಯಾಹ್ನದ ಪೂಜೆಗೆ ಗುಡಿಯ ಬಾಗಿಲು ತೆರೆದಿತ್ತು. ಪೂಜಾರಿ ಕೊಟ್ರಸ್ವಾಮಿ ಬುಟ್ಟಿಯೊಳಗೆ ನೋಡಿದ. ಬೊಗಸೆಯಲ್ಲಿ ತೆಗೆದು ಏರಿಸಿದ. ಒದ್ದೆ ಕಲ್ಲಿನ ಮೇಲೆ ನಿಲ್ಲದೆ ಹಸಿರು ಮೊಗ್ಗುಗಳು ಉರುಳಿದವು. ಅವನು ಅವನ್ನು ಆಯ್ದು, ಒಂದೊಂದಾಗಿ ಮತ್ತೆ ಲಿಂಗದ ನೆತ್ತಿಗೆ ಇಡುತ್ತಿದ್ದ.